ಹುಳದ ಮನೆ

ಗಾಜಿನಾಚೆ ನಿಂತ ಗಂಗುಲಮ್ಮ ಕೇಳಿದಳು:
"ಸಿಸ್ಟ್ರೇ, ಒಂದು ಮಗೂನ ಮುಟ್ಟಿ
ಇನ್ನೊಂದನ್ನ ಮುಟ್ಟೋ ಮುಂಚೆ
ಕೈ ತೊಳೆಯಲ್ವ ನೀವು?"

ಶಿಡ್ಲಘಟ್ಟದ ಕಡೆಯವಳು.
ಅವರ ಹುಳದ ಮನೆಯ ಹೊಸ್ತಿಲಲ್ಲಿ
ಬ್ಲೀಚಿಂಗ್ ನೀರು ಕುಡಿದ ಗೋಣಿತಾಟು;
ಬೀಗರಾದರೂ ಸರಿ, ಸೊಪ್ಪು ತಂದವನಾದರೂ ಸರಿ,
ಪಾದ ನೆನೆಸದೆ ಒಳಗಿಲ್ಲ.
ಹಾಲುತೊಂಡೆಯ ಒಂದೇ ಹುಳ ತಟ್ಟೆಯಲ್ಲುಳಿದರೆ
ಬೆಳೆಯೇ ಹೋಯಿತು.

ನಾನು ಸುಮ್ಮನಿದ್ದೆ.
ಹನ್ನೊಂದು ಕೂಸಿಗೆ ಇಬ್ಬರು ನಾವು.
ಗೋಡೆಯ ಸ್ಯಾನಿಟೈಜರ್ ಬಾಟಲಿ
ಬುಧವಾರದಿಂದ ಬರೀ ಉಸಿರು ಬಿಡುತ್ತಿದೆ.
ಮೊನ್ನೆ ರಾತ್ರಿ ಮೂರಕ್ಕೆ ಎರಡು ಅಲಾರಂ ಒಟ್ಟಿಗೆ ಕೂಗಿದಾಗ
ಐದನೆಯದರಿಂದ ಆರನೆಯದಕ್ಕೆ ಹಾರಿದ್ದು
ಈ ಕೈಗಳೇ, ಬಹುಶಃ.
ಬಹುಶಃ ಅಲ್ಲ.

ಆರನೆಯದು ಅವಳ ಮೊಮ್ಮಗು.
ಒಂದೂಮುಕ್ಕಾಲು ಕೆಜಿ, ಚೂಟಿ ಅಳು,
ಉಸಿರಾಟ ಒಂಚೂರು ಸರಿಹೋಗಲಿ ಎಂದು ಬಂದದ್ದು.
ಈಗ ರಕ್ತದ ರಿಪೋರ್ಟಿನಲ್ಲಿ
ಬಸಿರಿಂದ ತಂದದ್ದಲ್ಲದ, ಮನೆಯಿಂದ ತಂದದ್ದಲ್ಲದ
ಒಂದು ಉದ್ದನೆಯ ಹೆಸರು.
ವಿಳಾಸ ನಮ್ಮದೇ:
ಜಿಲ್ಲಾ ಆಸ್ಪತ್ರೆ, ಚಿಕ್ಕಬಳ್ಳಾಪುರ.

"ಹುಳಕ್ಕೆ ಜ್ವರ ಬಂದ್ರೆ ಪೊರೆ ಬಿಟ್ಟು ದೊಡ್ಡದಾಗ್ತದೆ," ಅಂದಳು.
"ನಾಕು ಜ್ವರ ದಾಟಿದ್ರೆ ಗೂಡು ಕಟ್ತದೆ.
ಇದ್ಯಾವ ಜ್ವರಮ್ಮ?"

ಕೇಸ್ ಶೀಟಿನಲ್ಲಿ ಆ ಕಾಲಂ ಇಲ್ಲ.

ಬೆಳಿಗ್ಗೆ ಡ್ಯೂಟಿ ಇಳಿಯುವಾಗ ನೋಡುತ್ತೇನೆ,
ವಾರ್ಡಿನ ಬಾಗಿಲಿಗೆ ಒದ್ದೆ ಗೋಣಿತಾಟು,
ಮೂಗಿಗೆ ಹೊಡೆಯುವ ವಾಸನೆ.
ಎಲ್ಲಿಂದ ಹೊಂದಿಸಿದಳೋ.
ವಾಚ್‌ಮನ್ ಅದನ್ನು ಕಾಲಿಂದಲೇ ಪಕ್ಕಕ್ಕೆ ತಳ್ಳಿದ.

ಪಾದದಿಂದ ಬಂದದ್ದಲ್ಲ, ನನಗೆ ಗೊತ್ತು.
ಆದರೂ ಚಪ್ಪಲಿ ಬಿಟ್ಟು
ಹೋಗಿ ನಿಂತೆ ಅದರ ಮೇಲೆ,
ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.