ಹೆಪ್ಪು

"ಮನೆತನದಲ್ಲಿ ಯಾರಿಗಾದರೂ
ರಕ್ತ ಹೆಪ್ಪುಗಟ್ಟಿದ್ದುಂಟೆ?"
ಹವಾಮಾನ ವಿಚಾರಿಸುವಷ್ಟೇ ಹಗುರವಾಗಿ ಕೇಳಿದರು ಡಾಕ್ಟರ್ ವಿಯಾರ್ಡ,
ಪೆನ್ನು ಆಗಲೇ 'ಇಲ್ಲ'ದ ಚೌಕದ ಮೇಲೆ.
ನನಗಿಂತ ಮೊದಲು, ಗಮ್ ಅಗಿಯುತ್ತ,
ಮಗಳು ನಿಂಕೆ, ಹದಿನೇಳು, ಅಂದಳು: ಇಲ್ಲ.

ಹೆಪ್ಪೆಂದರೆ ನಮ್ಮ ಕಡೆ ಹೊಟ್ಟೆಪಾಡು.
ವರ್ಕುಮ್‌ನ ಚೀಸ್ ಕಾರ್ಖಾನೆಯಲ್ಲಿ ಅಪ್ಪ
ಮೊಣಕೈವರೆಗೆ ಅಂಗಿ ಮಡಚಿ
ಹಂಡೆಯ ಹಾಲು ಗಟ್ಟಿಯಾಗುವ ಗಳಿಗೆಯನ್ನು
ಬೆರಳಲ್ಲೇ ಹಿಡಿಯುತ್ತಿದ್ದ.
ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತೆಂದರೆ
ಊರಿಗೆ ಊರೇ ಸ್ಕೇಟು ಕಟ್ಟಿ ಹೊರಡುತ್ತಿತ್ತು,
ಸೇತುವೆಯ ಕೆಳಗೆ ಬಟಾಣಿ ಸಾರಿನ ಹಬೆ.
ಎಷ್ಟು ಗಟ್ಟಿಯೋ ಅಷ್ಟು ಹಿಗ್ಗು.
ಮೈಯೊಳಗೂ ಕಾಲುವೆಗಳಿವೆಯೆಂದು
ಯಾರು ಯೋಚಿಸಿದ್ದರು?

ನನ್ನಕ್ಕ ಹಿಸ್ಕ. ಇಪ್ಪತ್ತೆರಡು.
ಎಡಗಾಲಿನ ಮೀನಖಂಡ ಊದಿ ಕೆಂಪಾದಾಗ
ಎಲ್ಲರೂ ನಕ್ಕರು,
ಹನ್ನೆರಡು ಮೈಲಿ ಜಾರಿ ಬಂದವಳಿಗೆ
ನೋಯದೆ ಇರುತ್ತದೆಯೇ, ಎಂದು.
ಮೂರು ರಾತ್ರಿ ಅಮ್ಮ ಕರ್ಪೂರದ ಮುಲಾಮು ಹಚ್ಚಿ
ತಿಕ್ಕಿದಳು, ತಿಕ್ಕಿದಳು,
ಪಾದದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ.
ನಾಲ್ಕನೆಯ ಬೆಳಿಗ್ಗೆ ಮೆಟ್ಟಿಲ ನಡುವೆ ಕೂತು
"ಉಸಿರು ಸಾಲ್ತಾ ಇಲ್ಲ" ಅಂದಳು ಹಿಸ್ಕ,
ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.
ಅಷ್ಟೇ.
ಊರಿಗೆ ಹೇಳಿದ್ದು: ಹೃದಯ.
ಚರ್ಚಿನಲ್ಲಿ ಹೇಳಿದ್ದು: ದೇವರ ಚಿತ್ತ.

ಅವಳ ಸ್ಕೇಟಿನ ಬೂಟಿನಲ್ಲಿ, ಉಣ್ಣೆ ಕಾಲುಚೀಲದ ಬುಡದಲ್ಲಿ
ಸಿಕ್ಕಿತು ನನಗೆ ಗುಳಿಗೆಯ ಹಾಳೆ.
ವಾರಗಳ ಹೆಸರಿನ ಪುಟ್ಟ ಗೂಡುಗಳು,
ಗುರುವಾರದವರೆಗೆ ಖಾಲಿ.
ನನಗೆ ಹದಿನಾರು. ಅಕ್ಕನ ಮಾನವೆಂದುಕೊಂಡು
ಒಲೆಗೆ ಹಾಕಿದೆ.
ಸುಟ್ಟ ಪ್ಲಾಸ್ಟಿಕ್ಕಿನ ನಾತಕ್ಕೆ
ಅಪ್ಪ ಪಕ್ಕದ ಮನೆಯವರನ್ನು ಬೈದ.
ಇಪ್ಪತ್ತನಾಲ್ಕು ವರ್ಷವಾಯಿತು.
ಹಂಡೆ ಹಾಲಿಗೆ ಒಂದೇ ಹುಟ್ಟು ಹೆಪ್ಪು ಸಾಕು,
ಮನೆ ತುಂಬ ಮಾತಿಗೆ
ಒಂದೇ ಒಂದು ಸುಳ್ಳು.

"ಉಂಟು" ಎಂದೆ.
ಪೆನ್ನು ನಿಂತಿತು. ಮಗಳ ದವಡೆಯೂ.

ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.
"ಗುಳಿಗೆಯನ್ನು ದೂರುವುದು ಬೇಡ,
ಎಷ್ಟೋ ಹುಡುಗಿಯರಿಗೆ ನಾನೇ ಬರೆದುಕೊಟ್ಟಿದ್ದೇನೆ.
ಈಸ್ಟ್ರೊಜೆನ್ ಇರುವುದು ನಿಮ್ಮ ವಂಶಕ್ಕೆ ಒಗ್ಗದಿರಬಹುದು.
ಅದಿಲ್ಲದ ಗುಳಿಗೆಯುಂಟು, ತಾಮ್ರದ ಸುರುಳಿಯುಂಟು.
ಆರಿಸಿಕೊಳ್ಳುವವಳು ಇವಳು."
ಇಬ್ಬರ ತೋಳಿಂದಲೂ ರಕ್ತ ತೆಗೆದರು.

ಈ ಚಾಳಿಗೆ ಲೈಡನ್ ಎಂದು ಹೆಸರಂತೆ, ಊರಿನ ಹೆಸರು.
ಮದುವೆಯಾದ ವರ್ಷ ಹೋಗಿದ್ದೆವು,
ಗಾಳಿಗಿರಣಿಯ ಮುಂದೆ ನಿಂತ ಫೋಟೊ ಇದೆ.
ನಾನು ಊರು ನೋಡುತ್ತಿದ್ದಾಗ
ಊರು ನನ್ನೊಳಗೇ ಇತ್ತು.
ಮಗಳ ರಕ್ತದಲ್ಲಿ ಇಲ್ಲವಂತೆ.
"ಆದರೂ," ಎಂದರು ಡಾಕ್ಟರ್, "ದೊಡ್ಡಮ್ಮ ಹಾಗೆ ಹೋದಳೆಂದ ಮೇಲೆ
ಕಾಗದದ 'ಇಲ್ಲ'ವನ್ನು ನಾನು ಪೂರ್ತಿ ನಂಬುವುದಿಲ್ಲ."

ಎದುರುಗಾಳಿಗೆ ಸೈಕಲ್ ತುಳಿಯುತ್ತ ನಿಂಕೆ ಕೂಗಿದಳು:
"ನೀನು ತಗೊಂಡಿದ್ದೆಯಾ?"
"ಇಲ್ಲ. ಎಣಿಸುತ್ತಿದ್ದೆ."
"ಏನನ್ನು?"
"ದಿನಗಳನ್ನು. ನೀನೇ ತಪ್ಪಿದ ಲೆಕ್ಕ."
ಅವಳು ನಕ್ಕ ನಗು ಕಾಲುವೆಯ ಬಾತುಗಳನ್ನು ಎಬ್ಬಿಸಿತು.

ಅಮ್ಮನಿಗೀಗ ಎಂಬತ್ತೊಂದು.
ಆಲೂಗಡ್ಡೆ ಸುಲಿಯುತ್ತ ಎಲ್ಲವನ್ನೂ ಕೇಳಿದಳು:
ಬೂಟು, ಹಾಳೆ, ಗುರುವಾರ, ಒಲೆ.
ಗುಳಿಗೆಗೆ ಅವಳ ಹುಬ್ಬು ಏರಲಿಲ್ಲ.
ಸಿಪ್ಪೆ ಮಾತ್ರ ಅರ್ಧಕ್ಕೆ ನೇತಾಡಿತು,
ಹೆಬ್ಬೆರಳು ತನ್ನಷ್ಟಕ್ಕೆ ತಾನೇ
ಬೆತ್ತಲೆ ಗಡ್ಡೆಯ ಮೇಲೆ ಹೋಯಿತು, ಬಂತು.
"ತಿಕ್ಕಬಾರದಿತ್ತಾ?" ಎಂದಳು.

ಸತ್ಯ ಹೇಳಿ ಆಗಿನ್ನೂ ಎರಡು ವಾರ.
"ಹಾಗೇನಿಲ್ಲಮ್ಮ" ಎಂದೆ,
ನಲ್ಲಿ ತಿರುಗಿಸಿ,
ನೀರು ಜೋರಾಗಿ ಬೀಳಲೆಂದು.