ಹನ್ನೆರಡೂವರೆ

ಮಗದಾನ್. ಸೋಕೊಲ್ ವಿಮಾನ ನಿಲ್ದಾಣ.
ಮೂರನೇ ಕೌಂಟರಿನ ತಕ್ಕಡಿ ನನ್ನದು.
ಇಪ್ಪತ್ತೆರಡು ವರ್ಷ ಜನರ ಪೆಟ್ಟಿಗೆ ತೂಗಿದ್ದೇನೆ,
ಒಮ್ಮೆಯೂ ಹತ್ತಿಲ್ಲ.

ಮಾಸ್ಕೋ ಇಲ್ಲಿಂದ ಆರು ಸಾವಿರ ಕಿಲೋಮೀಟರಿಗೆ ಚೂರು ಕಡಿಮೆ.
ಹಾರಾಟ ಎಂಟು ಗಂಟೆ.
ಎರಡೂ ಊರಿನ ಗಡಿಯಾರಗಳ ನಡುವೆಯೂ ಎಂಟೇ ಗಂಟೆ.
ಹಾಗಾಗಿ ಟಿಕೆಟ್ಟಿನ ಮೇಲೆ
ಹೊರಡುವುದು ಹನ್ನೆರಡೂವರೆ,
ಮುಟ್ಟುವುದೂ ಹನ್ನೆರಡೂವರೆ.
ಮೊದಲ ಸಲ ಕಂಡವರು ಅಚ್ಚಿನ ತಪ್ಪೆಂದು ಜಗಳಕ್ಕೆ ಬರುತ್ತಾರೆ.
ತಪ್ಪಲ್ಲ, ಅನ್ನುತ್ತೇನೆ ಗಿಣಿಯ ಹಾಗೆ,
ಸೂರ್ಯನೂ ನಿಮ್ಮ ಜೊತೆಗೇ ಬರುತ್ತಾನೆ,
ಎಡಗಡೆಯ ಕಿಟಕಿಯಲ್ಲಿ,
ಟಿಕೆಟ್ಟಿಲ್ಲದೆ.

ಇಲ್ಲಿಂದ ಹೊರಟವರು ‘ಖಂಡಕ್ಕೆ ಹೋಗ್ತೀವಿ’ ಅನ್ನುತ್ತಾರೆ,
ನಾವೇನೋ ದ್ವೀಪದಲ್ಲಿ ಬಿದ್ದವರ ಹಾಗೆ.
ನಕಾಶೆಯಲ್ಲಿ ನೋಡಿದ್ದೇನೆ, ನಡುವೆ ಎಲ್ಲೂ ಸಮುದ್ರವಿಲ್ಲ.
ಆದರೂ ಆ ಮಾತು ನನ್ನ ಬಾಯಿಗೂ ಬರುತ್ತದೆ.

ಎಲ್ಲರ ಪೆಟ್ಟಿಗೆಯಲ್ಲೂ ಮೀನು:
ಕಲ್ಲಾದ ಕೊರ್ಯುಷ್ಕಾ, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದು.
ಅದಕ್ಕೆ ಮೀನಿನ ವಾಸನೆಯೇ ಇಲ್ಲ,
ಎಳೆಸೌತೆಯ ವಾಸನೆ.
ಹೊರಗೆ ಮೈನಸ್ ಮೂವತ್ತು,
ಒಳಗೆ ನನ್ನ ತಕ್ಕಡಿಯ ಮೇಲೆ
ಯಾರೋ ಈಗಷ್ಟೇ ಸೌತೆಕಾಯಿ ಹೆಚ್ಚಿಟ್ಟು ಎದ್ದುಹೋದ ಹಾಗೆ.

ಗ್ಲೇಬನ ಪೆಟ್ಟಿಗೆಯನ್ನೂ ನಾನೇ ತೂಗಿದೆ.
ಮೂವತ್ತೊಂದು ಕಿಲೋ. ಎಂಟು ಹೆಚ್ಚು.
ದಂಡ ಹಾಕಲಿಲ್ಲ,
ಹನ್ನೊಂದು ವರ್ಷ ಗಂಡನಾಗಿದ್ದವನು.
ಅವತ್ತು ಫೋನು ಬಂತು:
‘ಇಳಿದೆ ರಿಮ್ಮಾ. ಇಲ್ಲೀಗ ಹನ್ನೆರಡೂವರೆ. ಊಟ ಆಯ್ತಾ?’
ನಾನು ರಾತ್ರಿಯ ತಟ್ಟೆ ತೊಳೆದು ಬೋರಲು ಹಾಕಿಯಾಗಿತ್ತು.
ಮನೆಗೆ ಬಂದದ್ದು, ಅತ್ತದ್ದು, ಒಲೆಯ ಮೇಲೆ ಹಾಲು ಉಕ್ಕಿದ್ದು,
ಪಕ್ಕದ ಮನೆಯವಳು ಬಂದು ಕೂತು ಎದ್ದುಹೋದದ್ದು,
ಇದೆಲ್ಲ ಅವನ ಕಡೆಯ ಗಡಿಯಾರದಲ್ಲಿ
ನಡೆದೇ ಇರಲಿಲ್ಲ.
ಆಯ್ತು, ಅಂದೆ.

ಮಂಜು ಕವಿದ ದಿನ ಮಾತ್ರ ದೂರಕ್ಕೆ ಮೈ ಬರುತ್ತದೆ.
ಮೂರು ದಿನ ಬೆಂಚಿನ ಮೇಲೆ ಜನ,
ಮಕ್ಕಳು, ಇಸ್ಪೀಟು, ಒದ್ದೆ ಬೂಟು,
ಮೀನು ಮೆಲ್ಲಗೆ ಮೀನಿನದೇ ವಾಸನೆಗೆ ತಿರುಗುತ್ತದೆ.

ನವೆಂಬರಿನಲ್ಲಿ ಆಕುಲಿನಾ ಅದುಕಾನೋವಾ ಬಂದಳು.
ಈವೆನ್ ಮುದುಕಿ, ಹಿಮಸಾರಂಗದ ಹಿಂಡಿನವಳು,
ಕಣ್ಣಿನ ಪೊರೆ ತೆಗೆಸಲು ಮಾಸ್ಕೋಗೆ ಹೊರಟವಳು.
ಚೀಲ ಆರು ಕಿಲೋ. ಅದರಲ್ಲಿ ಅರ್ಧ ಚಹಾ.
‘ಎಷ್ಟು ರಾತ್ರಿಯ ದಾರಿ?’ ಕೇಳಿದಳು.
ಒಂದೂ ಇಲ್ಲ ಅಜ್ಜಿ, ಇದೇ ಮಧ್ಯಾಹ್ನ ಅಲ್ಲಿರುತ್ತೀಯ.
ಹಾಲುಬಿಳುಪಿನ ಕಣ್ಣು ನನ್ನ ಕಡೆಗೆ ತಿರುಗಿಸಿ,
‘ಹಾಗಾದರೆ ನಾನು ಮಲಗೋದು ಎಲ್ಲಿ?’

ನನ್ನಲ್ಲಿ ಗಿಣಿಪಾಠ ಇರಲಿಲ್ಲ.
ಹಿಂದಿನವರು ಗೊಣಗಿದರು. ಚೀಟಿ ಕಟ್ಟಿ ಕಳಿಸಿದೆ.

ಐದು ವಾರಕ್ಕೆ ಮರಳಿದಳು.
ಬರುವ ವಿಮಾನದ ಲೆಕ್ಕವೇ ಬೇರೆ:
ಅಲ್ಲಿ ಸಂಜೆ ಎಂಟಕ್ಕೆ ಹೊರಟರೆ ಇಲ್ಲಿ ಮಾರನೆಯ ಮಧ್ಯಾಹ್ನ,
ಹೋಗುವಾಗ ಸಿಕ್ಕ ಪುಕ್ಕಟೆ ಹೊತ್ತನ್ನು
ಬರುವಾಗ ಕಿತ್ತುಕೊಳ್ಳುತ್ತದೆ.
ಕೌಂಟರಿನ ಹತ್ತಿರ ನಿಂತು ಬೋರ್ಡನ್ನು ತಾನೇ ಓದಿದಳು,
ಒಂದೊಂದೇ ಅಕ್ಷರ,
ಆಮೇಲೆ ನನ್ನ ಎದೆಯ ಮೇಲಿನ ಹೆಸರನ್ನೂ.
‘ರಿಮ್ಮಾ,’ ಅಂದಳು,
‘ರಾತ್ರಿ ಮೋಟು ಇತ್ತು. ಇತ್ತು, ಆದರೆ.’

ಡ್ಯೂಟಿ ಮುಗಿಸಿ ಬಸ್ಸು ಹಿಡಿದೆ.
ಊರಿಗೆ ಐವತ್ತಾರು ಕಿಲೋಮೀಟರು, ಒಂದೂಕಾಲು ಗಂಟೆ.
ಹತ್ತಿದಾಗ ಬೆಳಕಿತ್ತು,
ಇಳಿಯುವಾಗ ಕತ್ತಲೆ.