ಹತ್ತೂವರೆ ಇಂಚು

ಚೇಳೂರು ಸರ್ಕಲ್ಲಿನ ನನ್ನ ಅಂಗಡಿಗೆ
ಭೂಮಿಯನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು ಬಂದಳು ಮುಬೀನಾ.
ಎಂಟನೇ ಕ್ಲಾಸು. ಯೂನಿಫಾರಮ್ಮಿನ ತೋಳು
ಉದ್ದ ಬಿಡಿಸಿಕೊಳ್ಳಲು ಬಂದವಳು, ಜೊತೆಗೆ ಇದೊಂದು.
"ಲಚ್ಚಕ್ಕಾ, ಸಿಡ್ನಿಯಿಂದ ಸ್ಯಾಂಟಿಯಾಗೊಗೆ ಎಷ್ಟು ದೂರ?"
ಯಾವ ಬಸ್ಸು, ಅಂದೆ.

ವಿಮಾನವಂತೆ. ಗಂಟೆಗೆ ಒಂಬೈನೂರು ಕಿಲೋಮೀಟರು.
ದೇವನಹಳ್ಳಿಗೆ ಇಳಿಯುವವು ಚಿಂತಾಮಣಿ ಮೇಲೆ ಹಾಯುವಾಗ
ಮೆಷಿನ್ನಿನ ಸದ್ದಿಗೆ ಅದೂ ಒಂದು ಸದ್ದು, ಅಷ್ಟೇ ನನಗೆ.
ಇದು ಮಿಸ್ಸು ಕೊಟ್ಟ ಲೆಕ್ಕ. ಆ ಎರಡೂ ಊರಲ್ಲಿ
ನಮ್ಮವರು ಅಂತ ಯಾರೂ ಇಲ್ಲ,
ಅವಳಿಗೂ, ನನಗೂ, ಮಿಸ್ಸಿಗೂ.

ಮೊದಲು ಮ್ಯಾಪು ಹಾಸಿದೆವು ಕಟಿಂಗ್ ಮೇಜಿನ ಮೇಲೆ.
ಒಂದೂರು ಬಲದಂಚಿಗೆ, ಇನ್ನೊಂದು ಎಡಕ್ಕೆ,
ಸ್ಕೇಲಿಟ್ಟರೆ ನಡುವೆ ಇಡೀ ಆಫ್ರಿಕಾ.
ತಡೆಯೇ, ಅಂದೆ.
ಹೊಲಿಯದ ಬಟ್ಟೆ ಹೀಗೇ ಮೋಸ ಮಾಡುತ್ತೆ.
ಆ ಪಕ್ಕ ಈ ಪಕ್ಕ ಮೊಳಗಟ್ಟಲೆ ದೂರ ಅನಿಸುತ್ತೆ,
ಸೈಡು ಕೂಡಿಸಿದರೆ ಒಂದೇ ಹೊಲಿಗೆ, ಕಂಕುಳ ಕೆಳಗೆ.

ಗೋಳಕ್ಕೆ ಟೇಪು ಸುತ್ತಿದೆ. ಎದೆಸುತ್ತು ಮೂವತ್ತೇಳು.
ಪರವಾಗಿಲ್ಲ, ಭೂಮಿಗೂ ನನ್ನದೇ ಸೈಜು.
ಆಮೇಲೆ ಊರಿಂದೂರಿಗೆ.
ನಾನು ನೇರ ಅಂದುಕೊಂಡಲ್ಲಿ ಟೇಪು ಸುಕ್ಕುಗಟ್ಟಿತು.
ಸುಕ್ಕಿಲ್ಲದ ದಾರಿಯನ್ನು ಅದೇ ಹುಡುಕಿಕೊಂಡು
ಕೆಳಕ್ಕೆ ಜಾರಿ, ಹಿಮ ಅಂತ ಬಿಳಿ ಬಳಿದ ಕಡೆ,
ಗೋಳ ತಿರುಗುವ ಮೊಳೆಯ ಹತ್ತಿರ ಹೋಗಿ ಮೇಲೆ ಬಂತು.
ಮಂಡಿ ಚಿನ್ನಪ್ಪಶೆಟ್ಟರ ಜುಬ್ಬ ಹೊಲಿದವಳಿಗೆ
ಹೊಟ್ಟೆಯ ಮೇಲಿನ ದಾರಿ ಹೊಸದೇ?
ಹನ್ನೊಂದೂವರೆ, ಬರಕೋ.

ಇನ್ನೂ ಇತ್ತು ಲೆಕ್ಕ: ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಟರೆ
ತಲುಪುವುದು ಯಾವಾಗ?
ಕೂಡಿಸಿದಳು, ಕಳೆದಳು, ಪೆನ್ಸಿಲು ಕಚ್ಚಿದಳು.
ಅದೇ ಮಂಗಳವಾರವಂತೆ. ಹನ್ನೊಂದಕ್ಕೂ ಮೊದಲಂತೆ.
ತಪ್ಪಿರಬೇಕು ಅಂತ ಮೂರು ಸಲ ಮಾಡಿದಳು.

ನನಗೇನೂ ತಪ್ಪು ಕಾಣಲಿಲ್ಲ.
ಸಮುದ್ರದ ನಡುವೆ ಗೋಳದ ಕಾಗದ ಬಿರಿದಿದೆ, ಗೋಂದು ಬಿಟ್ಟು;
ಅಲ್ಲೇ ತಾರೀಖಿನ ಗೆರೆ ಅಂತ ಬೆರಳಿಟ್ಟಳು.
ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವಲ್ಲ,
ಮೈ ತುಂಬಿದಾಗ ಬಿಚ್ಚಿಕೊಳ್ಳಲಿ ಅಂತ,
ಹಾಗೆ ಅಲ್ಲೊಂದು ದಿನ ಮಡಿಸಿಟ್ಟಿದ್ದಾರೆ.
ನೋಡು ನಿನ್ನ ತೋಳು: ಈಗ ಬಿಚ್ಚಿದ ಪಟ್ಟಿ
ಅಂಗಡಿಯಿಂದ ತಂದ ದಿನದ ನೀಲಿ.
ಉಳಿದದ್ದೆಲ್ಲ ಬಿಸಿಲು ಕುಡಿದಿದೆ.

ನಗುತ್ತಾ ಹೋದಳು, ಭೂಮಿ ಸೊಂಟದ ಮೇಲೆ.
ಲೈಟು ಹಾಕುವ ಹೊತ್ತಿಗೆ ನೆನಪಾಯಿತು:
ನನ್ನ ಟೇಪಿಗೆ ಮೊದಲ ಇಂಚಿಲ್ಲ. ಹರಿದು ವರ್ಷವಾಯಿತು.
ಒಂದರಿಂದ ಹಿಡಿದು, ಕೊನೆಗೆ ಒಂದು ಕಳೆಯುತ್ತೇನೆ, ಕೈ ಅಭ್ಯಾಸ.
ಎದೆಸುತ್ತಿಗೆ ಕಳೆದೆ. ದಾರಿಗೆ?

ಹತ್ತೂವರೆ ಅದು. ಮೊಣಕೈವರೆಗಿನ ಒಂದು ತೋಳು.
ಸಾವಿರದ ಎಂಬತ್ತು ಕಿಲೋಮೀಟರು ಬರೀ ನೀರು
ನನ್ನಿಂದ ಹೆಚ್ಚಾಗಿಹೋಯಿತು.
ಅವಳಮ್ಮನ ಫೋನು ಸ್ವಿಚ್ಚಾಫು.
ನಾಳೆ ಪ್ರಾರ್ಥನೆಗೆ ಮೊದಲು ಶಾಲೆಯ ಗೇಟಲ್ಲಿ ಹಿಡಿಯಬೇಕು.
ಅಲ್ಲಿಯವರೆಗೆ ಕೂತಿರಲಿ ಪಾಪ,
ಯಾರೋ ಮುನ್ನೂರು ಜನ, ಬೆಲ್ಟು ಕಟ್ಟಿಕೊಂಡು,
ಮೊಳೆಯ ಪಕ್ಕದ ಆ ಬಿಳುಪಿನ ಮೇಲೆ
ಇನ್ನೂ ಒಂದೂಕಾಲು ಗಂಟೆ.